ಭಂಗಿಯೂ ಹೊಗೆಸೊಪ್ಪೂ: ಕೃಷ್ಣಾ-ವೇದಗಂಗೆಗಳ ಸೀಮೆಯಲ್ಲಿ ಎರಡು ಗಿಡಗಳ ಇತಿಹಾಸ

ಒಂದು ಸೀಮೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅರಸರ ವಂಶಾವಳಿಯನ್ನೂ ಕೋಟೆಗಳ ಮುತ್ತಿಗೆಯನ್ನೂ ಗುಡಿಗಳ ಶಿಲಾಲೇಖಗಳನ್ನೂ ಅರಸುವರು. ಒಕ್ಕಲಿಗನ ಹೊಲದ ಗಿಡಗಳಿಗೂ ಒಂದು ಇತಿಹಾಸವುಂಟೆಂಬ ಮಾತು ಅವರ ಗಮನಕ್ಕೆ ಬರುವದು ವಿರಳ. ಆದರೆ ರಾಜರು ಹೋಗಿ ರಾಜ್ಯಗಳು ಅಳಿದರೂ ಹೊಲವು ಉಳಿಯುತ್ತದೆ. ಅದರಲ್ಲಿ ಯಾವದನ್ನು ಬಿತ್ತಬೇಕು, ಯಾವದನ್ನು ಬಿತ್ತಬಾರದು ಎಂಬುದನ್ನು ಒಮ್ಮೆ ಋತುಮಾನವೂ ಒಮ್ಮೆ ಸರಕಾರವೂ ಗೊತ್ತುಪಡಿಸುತ್ತ ಬಂದಿವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳೆಂಬ ಐದು ತಾಲೂಕುಗಳ ಸೀಮೆಯಲ್ಲಿ ಈ ಮಾತಿಗೆ ಎರಡು ಗಿಡಗಳು ಸಾಕ್ಷಿಯಾಗಿ ನಿಂತಿರುವವು. ಒಂದು ಭಂಗಿ, ಅಂದರೆ ಗಾಂಜಾ. ಇನ್ನೊಂದು ಹೊಗೆಸೊಪ್ಪು, ಅಂದರೆ ತಂಬಾಕು. ಮೊದಲನೆಯದು ಈ ದೇಶಕ್ಕೆ ಪುರಾತನವಾದುದು; ಎರಡನೆಯದು ಸಮುದ್ರದಾಚೆಯಿಂದ ಬಂದು ನಾಲ್ಕು ನೂರು ವರ್ಷಗಳಾದುದು. ಇಂದು ಮೊದಲನೆಯದರ ಒಂದು ಗಿಡವನ್ನು ಹಿತ್ತಲಲ್ಲಿ ಬೆಳೆದವನು ಸೆರೆಮನೆಯನ್ನು ಕಾಣುವನು; ಎರಡನೆಯದನ್ನು ಎಕರೆಗಟ್ಟಲೆ ಬೆಳೆದವನು ಪೇಟೆಯನ್ನು ಕಾಣುವನು. ಇದು ಹೀಗೇಕಾಯಿತೆಂಬುದು ವಿಚಾರಾರ್ಹವಾದ ಸಂಗತಿ.

ಭಂಗಿಯ ಪ್ರಾಚೀನತೆಯು ಸಂಸ್ಕೃತ ವಾಙ್ಮಯದಿಂದಲೇ ಸಿದ್ಧವಾಗುತ್ತದೆ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮವನ್ನು ಮುಂದಿಟ್ಟುಕೊಂಡು ಎಣಿಸಿದ ಐದು ಸಸ್ಯಗಳಲ್ಲಿ ದರ್ಭೆ ಮತ್ತು ಜವೆಗೋಧಿಗಳ ಜತೆಗೆ ಭಂಗವೂ ಸೇರಿರುವದು. ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಎರಡನೆಯ ಪಾದದ ನಾಲ್ಕನೆಯ ಸೂತ್ರದಲ್ಲಿ, ಎಳ್ಳು, ಉದ್ದು, ಅಗಸೆ, ಭಂಗಾ, ಅಣು ಎಂಬ ಐದು ಬೆಳೆಗಳ ಹೊಲಗಳಿಗೆ ಯಾವ ಪ್ರತ್ಯಯವನ್ನು ಹಚ್ಚಬೇಕೆಂಬುದನ್ನು ವಿಧಿಸಿರುವನು. ಎಳ್ಳಿನ ಹೊಲವು ತಿಲ್ಯ ಅಥವಾ ತೈಲೀನವಾದಂತೆ ಭಂಗಿಯ ಹೊಲವು ಭಂಗ್ಯ ಅಥವಾ ಭಾಂಗೀನವೆನಿಸುವದು. ವೈಯಾಕರಣನಿಗೆ ಇದು ಪ್ರತ್ಯಯದ ವಿಷಯ ಮಾತ್ರ. ಇತಿಹಾಸಕಾರನಿಗೆ ಮಾತ್ರ ಇದರಿಂದ ದೊಡ್ಡ ಸಂಗತಿಯೊಂದು ತಿಳಿದುಬರುವದು. ಭಂಗಿಯ ಹೊಲಕ್ಕೆ ಪ್ರತ್ಯೇಕವಾದ ಹೆಸರೇ ಬೇಕಾಗುವಷ್ಟು ಆ ಬೆಳೆಯು ಅಂದು ರೂಢಿಯಲ್ಲಿದ್ದಿತು. ಎಳ್ಳು-ಉದ್ದುಗಳ ಸಾಲಿನಲ್ಲಿ ಅದನ್ನು ಕೂಡಿಸಲು ಯಾರಿಗೂ ಸಂಕೋಚವಿರಲಿಲ್ಲ. ಅಮರಸಿಂಹನೂ ತನ್ನ ಕೋಶದ ವೈಶ್ಯವರ್ಗದಲ್ಲಿ ಧಾನ್ಯಗಳ ನಡುವೆಯೇ ಭಂಗೆಯನ್ನು ಇಟ್ಟಿರುವನು. ಅದನ್ನು ನಾರಿಗಾಗಿ ಬೆಳೆಯುತ್ತಿದ್ದರೋ, ಬೀಜಕ್ಕಾಗಿಯೋ, ಮದಕ್ಕಾಗಿಯೋ ಎಂಬುದನ್ನು ಸೂತ್ರವೂ ಹೇಳದು, ಕೋಶವೂ ಹೇಳದು.

ಮದಗುಣದ ಮಾತು ವೈದ್ಯಗ್ರಂಥಗಳಲ್ಲಿ ಸ್ಪಷ್ಟವಾಗುವದು. ಶಾರ್ಙ್ಗಧರ ಸಂಹಿತೆಯು ಭಂಗೆಯನ್ನೂ ಅಫೀಮನ್ನೂ ವ್ಯವಾಯಿ ದ್ರವ್ಯಗಳಿಗೆ ಉದಾಹರಣೆಯಾಗಿ ಕೊಡುವದು. ಜೀರ್ಣವಾಗುವದಕ್ಕಿಂತ ಮೊದಲೇ ಶರೀರವನ್ನೆಲ್ಲ ವ್ಯಾಪಿಸುವದು ಯಾವದೋ ಅದು ವ್ಯವಾಯಿ. ಭಾವಪ್ರಕಾಶವು ಇದಕ್ಕೆ ಭಂಗಾ, ಗಂಜಾ, ಮಾತುಲಾನೀ, ಮಾದಿನೀ, ವಿಜಯಾ, ಜಯಾ ಎಂಬ ಹೆಸರುಗಳನ್ನು ಹೇಳುವದು. ಮಾದಿನೀ ಎಂಬ ಒಂದು ಹೆಸರೇ ಗುಣವನ್ನೂ ದೋಷವನ್ನೂ ಒಟ್ಟಿಗೆ ತಿಳಿಸುವಂತಿದೆ. ಔಷಧವೆಂದು ಹೇಳಿದ ಶಾಸ್ತ್ರವೇ ಅದನ್ನು ಮದಕಾರಿಯೆಂದೂ ಹೇಳಿತು. ಇವೆರಡನ್ನೂ ಬೇರ್ಪಡಿಸುವದು ಮುಂದೆ ಯಾವ ಸರಕಾರಕ್ಕೂ ಸುಲಭವಾಗಲಿಲ್ಲ.

ಇಲ್ಲಿ ಹೆಸರುಗಳ ಗೊಂದಲವೊಂದನ್ನು ಬಿಡಿಸಿಕೊಳ್ಳುವದು ಅವಶ್ಯ. ಆಂಗ್ಲರು ಬರೆದ ಹಳೆಯ ವರದಿಗಳಲ್ಲಿ ನಾರು ಕೊಡುವ ಗಿಡಗಳಿಗೆಲ್ಲ ಒಂದೇ ಹೆಸರನ್ನು ಇಟ್ಟಿರುವದರಿಂದ ಓದುವವರು ಮೋಸಹೋಗುವದುಂಟು. ಹಗ್ಗ ಹೊಸೆಯಲು ಬೆಳೆಯುವ ಸಣಬು ಬೇರೆ. ಅದು ಹಳದಿ ಹೂವಿನದು, ಅವರೆ-ತೊಗರಿಗಳ ಕುಲಕ್ಕೆ ಸೇರಿದುದು. ಜೋಳದ ರೊಟ್ಟಿಗೆ ಪಲ್ಯ ಮಾಡುವ ಪುಂಡಿಯು ಬೇರೆ. ಅದು ದಾಸವಾಳದ ಕುಲದ್ದು. ಪುಂಡಿಯ ಸೀಳು ಎಲೆಯು ಭಂಗಿಯ ಎಲೆಯನ್ನು ಹೋಲುವದರಿಂದಲೇ ಸಸ್ಯಶಾಸ್ತ್ರಜ್ಞರು ಅದಕ್ಕೆ ಭಂಗಿಯಂತಹದು ಎಂಬ ಅರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟರು. ಸಣಬು, ಪುಂಡಿ ಎರಡರಲ್ಲಿಯೂ ಅಮಲಿನ ಲೇಶವೂ ಇಲ್ಲ. ಆದುದರಿಂದ ಹಳೆಯ ಕಾಗದಗಳಲ್ಲಿ ಬೆಳಗಾವಿ ಜಿಲ್ಹೆಯ ನಾರಿನ ಬೆಳೆಯ ಲೆಕ್ಕವನ್ನು ಕಂಡಕೂಡಲೆ ಅದೆಲ್ಲವೂ ಗಾಂಜಾ ಎಂದು ಬಗೆಯಬಾರದು.

ಭಂಗಿಯ ಬೇಸಾಯದಲ್ಲಿ ಒಂದು ವಿಶೇಷವುಂಟು. ಅದನ್ನು ತಿಳಿಯದೆ ಅದರ ಕಾಯದೆಯ ಚರಿತ್ರೆಯು ಅರ್ಥವಾಗದು. ಈ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ಹೂಗೊಂಚಲಿನಲ್ಲಿ ಅಂಟಾದ ರಾಳವೊಂದು ಒಸರುವದು. ಅಮಲೆಲ್ಲವೂ ಆ ರಾಳದಲ್ಲಿಯೇ ಇರುವದು. ಗಂಡು ಗಿಡದ ಪರಾಗವು ತಗಲಿದೊಡನೆ ಹೆಣ್ಣು ಗಿಡವು ಬೀಜ ಕಟ್ಟಲಾರಂಭಿಸಿ ರಾಳವು ಕುಂದುವದು. ಎಲೆಯನ್ನು ಒಣಗಿಸಿದರೆ ಭಂಗಿ, ಬೀಜಗಟ್ಟದ ಹೆಣ್ಣು ಹೂಗೊಂಚಲನ್ನು ಒಣಗಿಸಿದರೆ ಗಾಂಜಾ, ರಾಳವನ್ನೇ ಬೇರ್ಪಡಿಸಿದರೆ ಚರಸ; ಹೀಗೆ ಒಂದೇ ಗಿಡದ ಮೂರು ಪದಾರ್ಥಗಳು. ಬಂಗಾಲದ ರಾಜಶಾಹಿ ಜಿಲ್ಹೆಯ ನೌಗಾಂವದಲ್ಲಿ ಒಕ್ಕಲಿಗರು ಗಂಡು ಗಿಡಗಳನ್ನು ಹೂಬಿಡುವ ಮೊದಲೇ ಆರಿಸಿ ಕೀಳಲಿಕ್ಕೆ ಪೊದ್ದಾರನೆಂಬ ಪರಿಣತನನ್ನು ಕರೆಯಿಸುತ್ತಿದ್ದರು. ಒಬ್ಬನ ಹೊಲದಲ್ಲಿ ಗಂಡು ಗಿಡವೊಂದು ಉಳಿದರೂ ನೆರೆಯವರ ಬೆಳೆಯು ಕೆಡುವ ಭಯವಿದ್ದಿತು. ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನನು ೧೮೯೩ರಲ್ಲಿ ಈ ಬೇಸಾಯದ ವಿಸ್ತಾರವಾದ ವರದಿಯನ್ನು ಬರೆದನು. ಇದರಿಂದ ಒಂದು ಮಾತು ಸ್ಪಷ್ಟವಾಗುವದು: ಪೇಟೆಯ ಗಾಂಜಾ ಒಂದು ಸೀಮೆಯವರೆಲ್ಲ ಕೂಡಿ ಕಾದು ಬೆಳೆಯಬೇಕಾದ ಬೆಳೆ, ಹಿತ್ತಲಿನಲ್ಲಿ ತನ್ನಷ್ಟಕ್ಕೆ ಬೆಳೆದ ಒಂದೆರಡು ಗಿಡಗಳಿಂದ ಬರುವದು ಬಹುತೇಕ ಎಲೆ ಮತ್ತು ಬೀಜ. ಪೇಟೆಯ ಬೆಳೆಯು ಬೊಕ್ಕಸಕ್ಕೆ ವರಮಾನವನ್ನು ಕೊಟ್ಟಿತು. ಹಿತ್ತಲಿನ ಗಿಡವು ಎತ್ತಿನ ಬೇನೆಗೂ ದಾರಿಹೋಕ ಬೈರಾಗಿಯ ಚಿಲುಮೆಗೂ ಒದಗಿತೇ ಹೊರತು ಬೊಕ್ಕಸಕ್ಕೆ ಏನನ್ನೂ ಕೊಡಲಿಲ್ಲ. ಸರಕಾರದ ಕಣ್ಣು ಎರಡನೆಯದರ ಮೇಲೆಯೂ ಬಿದ್ದುದು ಆಶ್ಚರ್ಯವಲ್ಲ.

ಹತ್ತೊಂಬತ್ತನೆಯ ಶತಕದಲ್ಲಿ ಈ ಐದು ತಾಲೂಕುಗಳ ಸೀಮೆಯು ಒಂದೇ ಆಡಳಿತದಲ್ಲಿರಲಿಲ್ಲ. ಚಿಕ್ಕೋಡಿ ಮತ್ತು ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಹೆಯ ತಾಲೂಕುಗಳು. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಅಧೀನ. ಅಕ್ಕಪಕ್ಕದಲ್ಲಿ ಪಟವರ್ಧನ ಮನೆತನದ ಸಾಂಗಲಿ, ಮೀರಜ, ಕುರುಂದವಾಡ ಸಂಸ್ಥಾನಗಳ ಹಳ್ಳಿಗಳು ಚದರಿಹೋಗಿದ್ದವು. ನಿಪ್ಪಾಣಿ, ಕಾಗವಾಡಗಳು ತಾಲೂಕುಗಳಾದುದು ತೀರ ಈಚೆಗೆ. ನಿಪ್ಪಾಣಿಯು ಚಿಕ್ಕೋಡಿಯಲ್ಲಿಯೂ ಕಾಗವಾಡವು ಅಥಣಿಯಲ್ಲಿಯೂ ಅಡಕವಾಗಿದ್ದವು. ಹೀಗಿರಲು ಹಳ್ಳವನ್ನೊಂದು ದಾಟಿದರೆ ಸರಕಾರವೇ ಬದಲಾಗುತ್ತಿದ್ದಿತು. ಮುಂಬಯಿ ಇಲಾಖೆಯಲ್ಲಿ ೧೮೭೮ರ ಅಬಕಾರಿ ಕಾಯದೆಯು ಸೇಂದಿ-ಸಾರಾಯಿಗಳ ಜತೆಗೆ ಗಾಂಜಾ-ಭಂಗಿಗಳನ್ನೂ ತನ್ನ ತೆಕ್ಕೆಗೆ ತೆಗೆದುಕೊಂಡಿತು; ಮಾರಾಟಕ್ಕೆ ಪರವಾನಿಗೆಯೂ ಸುಂಕವೂ ಬಂದವು. ಆದರೆ ಆ ಕಾಯದೆಯ ಅಧಿಕಾರವು ಸಂಸ್ಥಾನದ ಗಡಿಯವರೆಗೆ ಮಾತ್ರ. ಇಂಥ ಹರಕುಮುರುಕಾದ ಗಡಿಯಲ್ಲಿ ಸುಂಕವನ್ನು ಏರಿಸಿದಷ್ಟೂ ಕಳ್ಳಸಾಗಾಣಿಕೆಗೆ ಲಾಭವು ಏರುವದು ಸಹಜ. ರಾಯಬಾಗವು ಬೆಳಗಾವಿ ಜಿಲ್ಹೆಯ ಒಡನೆ ಒಂದೇ ಸರಕಾರಕ್ಕೆ ಸೇರಿದುದು ೧೯೪೯ರ ಮಾರ್ಚ ೧ರಂದು ಕೊಲ್ಹಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ.

ಗಾಂಜಾದ ಬೇಸಾಯವನ್ನು ಪೂರ್ತಿಯಾಗಿ ನಿಲ್ಲಿಸಬೇಕೋ ಹೇಗೆ ಎಂಬ ಪ್ರಶ್ನೆಯು ಇಂಗ್ಲಂಡದಲ್ಲಿಯೂ ಎದ್ದಿತು. ೧೮೯೩ರ ಮಾರ್ಚದಲ್ಲಿ ಅಲ್ಲಿಯ ಪಾರ್ಲಿಮೆಂಟಿನಲ್ಲಿ ಪಾನವಿರೋಧಿ ಸದಸ್ಯರು ಪ್ರಶ್ನೆಯೆತ್ತಿದರು. ಅದರ ಫಲವಾಗಿ ಹಿಂದುಸ್ಥಾನ ಸರಕಾರವು ಅದೇ ವರ್ಷದ ಜುಲೈದಲ್ಲಿ ಏಳು ಜನರ ವಿಚಾರಣಾ ಮಂಡಲವನ್ನು ನೇಮಿಸಿತು. ಮ್ಯಾಕ್‌ವರ್ತ್ ಯಂಗನು ಅಧ್ಯಕ್ಷ. ಸದಸ್ಯರಲ್ಲಿ ಮುಂಬಯಿ ಇಲಾಖೆಯ ಕಲೆಕ್ಟರನಾದ ಒಮ್ಮನಿಯೂ, ಹಿಂದೀ ಜನರ ಪೈಕಿ ರಾಜಾ ಶಶಿಶೇಖರೇಶ್ವರ ರಾಯ, ಕುಂವರ ಹರನಾಮಸಿಂಗ, ಲಾಲಾ ನಿಹಾಲಚಂದ ಎಂಬ ಮೂವರೂ ಇದ್ದರು. ಇವರು ಪ್ರಾಂತಗಳನ್ನು ಸುತ್ತಿ ೧೧೯೩ ಸಾಕ್ಷಿಗಳ ಹೇಳಿಕೆಗಳನ್ನು ಪಡೆದರು. ಕಲೆಕ್ಟರರು, ವೈದ್ಯರು, ಪಾದ್ರಿಗಳು, ಜಮೀನುದಾರರು, ಅಂಗಡಿಕಾರರು, ಸಾಧುಗಳು ಎಲ್ಲರನ್ನೂ ಕೇಳಿದರು. ಹುಚ್ಚಾಸ್ಪತ್ರೆಗಳ ದಫ್ತರಗಳನ್ನು ತೆರೆಯಿಸಿ, ಗಾಂಜಾದಿಂದ ಹುಚ್ಚು ಎಂದು ಬರೆದಿದ್ದ ಒಂದೊಂದು ಪ್ರಕರಣವನ್ನೂ ಮರುವಿಚಾರಿಸಿದರು. ಅವುಗಳಲ್ಲಿ ಎಷ್ಟೋ ಕಡೆ, ರೋಗಿಯನ್ನು ತಂದ ಪೋಲೀಸನು ಕಾರಣವೇನೆಂದು ತಿಳಿಯದೆ ಗಾಂಜಾ ಎಂದು ಬರೆಯಿಸಿದ್ದನೆಂಬುದು ಹೊರಬಿದ್ದಿತು.

೧೮೯೪ರಲ್ಲಿ ಮುಗಿದ ಅವರ ವರದಿಯು ಹಲವು ಸಂಪುಟಗಳದು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ. ಅತಿಯಾದ ಬಳಕೆಯು ದೇಹವನ್ನೂ ಮನಸ್ಸನ್ನೂ ಕೆಡಿಸುವದು. ಸಂಪೂರ್ಣ ನಿಷೇಧವು ಅವಶ್ಯವೂ ಅಲ್ಲ, ಯುಕ್ತವೂ ಅಲ್ಲ ಎಂಬುದು ಬಹುಮತದ ನಿರ್ಣಯ. ನಿಷೇಧಿಸಿದರೆ ಜನರು ಇನ್ನೂ ಕೆಟ್ಟ ಮಾದಕಗಳಿಗೆ ತಿರುಗಿಕೊಳ್ಳಬಹುದು, ಸಾಧು-ಸಂತರ ಆಚಾರಕ್ಕೆ ಕೈಹಾಕಿದಂತಾಗಬಹುದು ಎಂಬ ಭಯವೂ ಅವರಿಗಿದ್ದಿತು. ರಾಜಾ ಶಶಿಶೇಖರೇಶ್ವರ ರಾಯ ಮತ್ತು ಲಾಲಾ ನಿಹಾಲಚಂದರು ಮಾತ್ರ ಭಿನ್ನಾಭಿಪ್ರಾಯವನ್ನು ಬರೆದರು. ಪರಕೀಯ ಅಧಿಕಾರಿಗಳು ಗಾಂಜಾವನ್ನು ಸಹಿಸಿಕೊಳ್ಳೋಣವೆಂದಾಗ, ಅದನ್ನು ತಮ್ಮ ಮನೆ-ಮಠಗಳಲ್ಲಿ ಕಂಡವರು ಕೂಡದೆಂದರು. ಇದು ಮರೆಯತಕ್ಕ ಮಾತಲ್ಲ. ಅದರಂತೆಯೇ ಬಹುಮತದವರು ಹೇಳಿದುದು ಬೇಕಾಬಿಟ್ಟಿಯಾಗಿ ಬೆಳೆಯಲು ಬಿಡಬೇಕೆಂದೂ ಅಲ್ಲ. ಪರವಾನಿಗೆಯಿಲ್ಲದೆ ಯಾರೂ ಬೆಳೆಯಕೂಡದು, ಬೆಳೆಯನ್ನು ಕೆಲವೇ ಗೊತ್ತಾದ ಸ್ಥಳಗಳಿಗೆ ಕೂಡಿಸಬೇಕು, ಅಂಗಡಿಗಳ ಸಂಖ್ಯೆಯನ್ನೂ ಒಬ್ಬನು ಇಟ್ಟುಕೊಳ್ಳಬಹುದಾದ ತೂಕವನ್ನೂ ಮಿತಿಗೊಳಿಸಬೇಕು, ಸುಂಕವನ್ನು ಏರಿಸಬೇಕು. ಇವು ಅವರ ಶಿಫಾರಸುಗಳು. ಬಂಗಾಲದಲ್ಲಿ ನೌಗಾಂವ, ಮಧ್ಯಪ್ರಾಂತದಲ್ಲಿ ಖಾಂಡವಾ ಎಂಬ ಗೊತ್ತಾದ ನೆಲೆಗಳು ಇದಕ್ಕೆ ಮಾದರಿಯಾದವು. ಹಿತ್ತಲಿನ ಗಿಡಕ್ಕೆ ಆಪತ್ತು ಬಂದುದು ಇಲ್ಲಿಂದ. ನಿಷೇಧ ಬೇಡವೆಂದವರೇ ಮನೆಯ ಬೇಸಾಯವನ್ನು ಕೊನೆಗಾಣಿಸಿದರು. ಏಕೆಂದರೆ ಕಾವಲು ಹಾಕಲಾಗದ ಗಿಡಕ್ಕೆ ಸುಂಕವನ್ನೂ ಹಾಕಲಾಗದು.

ಮುಂದಿನ ಚರಿತ್ರೆಯು ಪರದೇಶದ ಒಪ್ಪಂದಗಳ ಚರಿತ್ರೆ. ೧೯೨೫ರ ಜಿನೀವಾ ಒಡಂಬಡಿಕೆಯು ಅಫೀಮಿನ ಜತೆಗೆ ಹಿಂದುಸ್ಥಾನದ ಗಾಂಜಾವನ್ನೂ ಪ್ರಪಂಚದ ನಿರ್ಬಂಧಕ್ಕೆ ಒಳಪಡಿಸಿತು. ಅದನ್ನನುಸರಿಸಿ ಇಲ್ಲಿ ೧೯೩೦ರ ಅಪಾಯಕಾರಿ ಮಾದಕದ್ರವ್ಯಗಳ ಕಾಯದೆಯು ಬಂದಿತು. ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರದ ೧೯೪೯ರ ಪಾನನಿಷೇಧ ಕಾಯದೆಯು ಬೆಳಗಾವಿ ಜಿಲ್ಹೆಗೂ ಹತ್ತಿತು. ಅದು ಮದ್ಯವನ್ನಲ್ಲದೆ ಭಂಗಿ-ಗಾಂಜಾಗಳನ್ನೂ ಹಿಡಿದಿದ್ದಿತು. ೧೯೫೬ರ ನವಂಬರ ೧ರಂದು ಜಿಲ್ಹೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೬೧ರ ಅಂತರರಾಷ್ಟ್ರೀಯ ಒಡಂಬಡಿಕೆಯು, ಗಾಂಜಾದ ಬಳಕೆಯು ರೂಢಿಯಲ್ಲಿದ್ದ ದೇಶಗಳು ಅದನ್ನು ಇಪ್ಪತ್ತೈದು ವರ್ಷಗಳೊಳಗಾಗಿ ನಿಲ್ಲಿಸತಕ್ಕದ್ದೆಂದು ಗಡುವು ಹಾಕಿತು. ಆ ಗಡುವು ತೀರುವ ಮೊದಲೇ ಭಾರತವು ೧೯೮೫ರಲ್ಲಿ ಮಾದಕದ್ರವ್ಯ ಮತ್ತು ಮನಃಪ್ರಭಾವಿ ಪದಾರ್ಥಗಳ ಕಾಯದೆಯನ್ನು ಮಾಡಿ ಅದೇ ವರ್ಷದ ನವಂಬರ ೧೪ರಿಂದ ಜಾರಿಗೆ ತಂದಿತು. ಅಂಗಡಿಯಲ್ಲಿ ಪರವಾನಿಗೆಯಿಂದ ಮಾರುತ್ತಿದ್ದ ಗಾಂಜಾ ಅಲ್ಲಿಗೆ ಮುಗಿಯಿತು. ಎಲೆಯ ಭಂಗಿಯು ಮಾತ್ರ ವ್ಯಾಖ್ಯೆಯ ಹೊರಗುಳಿಯಿತು. ಏಕೆಂದರೆ ಹೂಗೊಂಚಲು ಕೂಡಿರದ ಎಲೆ ಮತ್ತು ಬೀಜಗಳು ಗಾಂಜಾ ಅಲ್ಲವೆಂದು ಕಾಯದೆಯೇ ಹೇಳುವದು. ಪಾಣಿನಿಯ ಒಂದು ಹೊಲವು ಹೀಗೆ ಎರಡು ಭಾಗವಾಯಿತು: ಗಿಡದ ಎಲೆಗೆ ಒಂದು ನ್ಯಾಯ, ಹೂವಿಗೆ ಇನ್ನೊಂದು ನ್ಯಾಯ.

ಇನ್ನು ಎರಡನೆಯ ಗಿಡದ ಕಥೆ. ಹೊಗೆಸೊಪ್ಪು ಅಮೇರಿಕಾಖಂಡದ್ದು, ಪೋರ್ತುಗೀಜರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದುದು. ಅದು ಉತ್ತರ ಹಿಂದುಸ್ಥಾನದ ದರಬಾರವನ್ನು ಮುಟ್ಟಿದುದು ಅಥಣಿಯ ನೆರೆಯ ವಿಜಾಪುರದ ಮೂಲಕವೆಂಬುದು ಈ ಸೀಮೆಯವರಿಗೆ ಕುತೂಹಲಕರವಾದ ಸಂಗತಿ. ಅಕಬರನ ರಾಯಭಾರಿಯಾದ ಅಸದಬೇಗನು ಎರಡನೆಯ ಇಬ್ರಾಹಿಮ ಆದಿಲಶಾಹನ ಆಸ್ಥಾನಕ್ಕೆ ಹೋದಾಗ, ತಾನು ಎಂದೂ ಕಂಡಿರದ ಈ ಸೊಪ್ಪನ್ನು ವಿಜಾಪುರದಲ್ಲಿ ಕಂಡು, ಸುಮಾರು ೧೬೦೪-೦೫ರಲ್ಲಿ ಅದನ್ನೂ ರತ್ನಖಚಿತವಾದ ಸೇದುವ ನಳಿಕೆಯನ್ನೂ ಬಾದಶಹನಿಗೆ ತಂದೊಪ್ಪಿಸಿದನು. ಅಕಬರನು ಕುತೂಹಲಕ್ಕಾಗಿ ಸೇದಿ ನೋಡಿದನು, ರಾಜವೈದ್ಯನು ಬೇಡವೆಂದನು, ಬಾದಶಹನು ಬಿಟ್ಟರೂ ಸರದಾರರು ಬಿಡಲಿಲ್ಲ. ಅವನ ಮಗನಾದ ಜಹಾಂಗೀರನು ೧೬೧೭ರಲ್ಲಿ ಹೊಗೆಸೊಪ್ಪನ್ನು ನಿಷೇಧಿಸಿದನು, ನಿಷೇಧವು ನಿಲ್ಲಲಿಲ್ಲ. ಆ ಶತಕದಲ್ಲಿ ಹೊಗೆಸೊಪ್ಪು ಅಪರಾಧಿಯಾಗಿದ್ದಿತೆಂಬುದನ್ನು ನೆನೆದರೆ, ಕಾಲಚಕ್ರವು ಎಷ್ಟು ವಿಪರೀತವಾಗಿ ತಿರುಗಿತೆಂಬುದು ಮನವರಿಕೆಯಾಗುವದು.

ವೇದಗಂಗಾ-ದೂಧಗಂಗೆಗಳ ನಡುವಣ ಎರೆಯ ಭೂಮಿಯು ಈ ಸೊಪ್ಪಿಗೆ ಒಗ್ಗಿತು. ಬೀಡಿಯ ತಂಬಾಕಿಗೆ ದೇಶದಲ್ಲಿ ಎರಡೇ ಸೀಮೆಗಳು ಪ್ರಸಿದ್ಧವಾದವು: ಗುಜರಾತದ ಚರೋತರ ಒಂದು, ನಿಪ್ಪಾಣಿ ಇನ್ನೊಂದು. ಮುಂಗಾರಿನ ಆರಂಭದಲ್ಲಿ ಸಸಿಮಡಿಗಳಲ್ಲಿ ಬೀಜ ಚೆಲ್ಲುವರು. ಬೀಜವು ಎಷ್ಟು ಸಣ್ಣದೆಂದರೆ ಬೂದಿ ಅಥವಾ ಉಸುಕಿನಲ್ಲಿ ಬೆರೆಸದೆ ಅದನ್ನು ಸಮನಾಗಿ ಚೆಲ್ಲಲಾಗದು. ಶ್ರಾವಣದಲ್ಲಿ ಸಸಿಗಳನ್ನು ಕಿತ್ತು ಹೊಲದಲ್ಲಿ ಅಂತರವಿಟ್ಟು ನೆಡುವರು. ಗಿಡವು ಹೂವಿಗೆ ಬರುವಷ್ಟರಲ್ಲಿ ಕುಡಿಯನ್ನು ಮುರಿಯುವರು. ಆಮೇಲೆ ಎಲೆಯ ಬಗಲಲ್ಲಿ ಒಡೆಯುವ ಚಿಗುರುಗಳನ್ನು ಮತ್ತೆ ಮತ್ತೆ ಚಿವುಟುವರು. ಗಿಡದ ಸತ್ತ್ವವೆಲ್ಲ ಹೂವು-ಬೀಜಗಳಿಗೆ ಹೋಗದೆ ಎಲೆಯಲ್ಲಿ ನಿಲ್ಲಬೇಕೆಂಬುದು ಇದರ ಉದ್ದೇಶ. ಭಂಗಿಯಲ್ಲಿ ಗಂಡು ಗಿಡವನ್ನು ಕೀಳುವದು, ತಂಬಾಕಿನಲ್ಲಿ ಕುಡಿಯನ್ನು ಮುರಿಯುವದು, ಎರಡರಲ್ಲಿಯೂ ಯುಕ್ತಿಯೊಂದೇ: ಸಂತಾನವನ್ನು ತಡೆದು ಅಮಲನ್ನು ಕೂಡಿಹಾಕುವದು. ಪುಷ್ಯ-ಮಾಘಗಳ ಹೊತ್ತಿಗೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿದಾಗ ಗಿಡವು ಪಕ್ವವಾಯಿತೆಂದು ತಿಳಿದು ಕೊಯ್ದು, ಹೊಲದಲ್ಲಿಯೇ ಬಿಸಿಲಿಗೆ ಒಣಗಿಸುವರು. ಕೊಯ್ಯುವವರ ಕೈಗಳು ಅಂಟಿನಿಂದ ಕಪ್ಪಾಗುವವು. ಹಸಿ ಎಲೆಯ ವಿಷವು ಚರ್ಮದ ಮೂಲಕವೇ ಒಳಗಿಳಿದು ತಲೆಸುತ್ತು, ವಾಂತಿಗಳನ್ನು ತರುವದುಂಟು.

ಹೊಗೆಸೊಪ್ಪಿಗೆ ಸರಕಾರದ ಕಾವಲು ಇರಲಿಲ್ಲವೆಂದಲ್ಲ. ಎರಡನೆಯ ಮಹಾಯುದ್ಧದ ಖರ್ಚಿಗಾಗಿ ೧೯೪೩ರಲ್ಲಿ ತಂಬಾಕಿನ ಮೇಲೆ ಕೇಂದ್ರದ ಅಬಕಾರಿ ಸುಂಕವು ಬಿದ್ದಿತು. ಅಲ್ಲಿಂದ ಬೆಳೆಯೂ ವಖಾರಿಯೂ ಸಾಗಾಣಿಕೆಯೂ ಅಧಿಕಾರಿಯ ಪುಸ್ತಕದಲ್ಲಿ ದಾಖಲಾಗಬೇಕಾಯಿತು. ಹಸಿ ತಂಬಾಕಿನ ಮೇಲಿನ ಈ ಸುಂಕವು ೧೯೭೯ರಲ್ಲಿ ರದ್ದಾಗಿ ಭಾರವು ಬೀಡಿ-ಸಿಗರೇಟುಗಳ ಮೇಲೆ ಹೋಯಿತು. ಹೀಗೆ ಸುಂಕದ ದೃಷ್ಟಿಯಿಂದ ತಂಬಾಕು ನಡೆದ ದಾರಿಯು ಗಾಂಜಾ ನಡೆದ ದಾರಿಯೇ. ಆದರೆ ಗಾಂಜಾದ ದಾರಿಯು ಸೆರೆಮನೆಯ ಬಾಗಿಲಿಗೆ ಮುಗಿಯಿತು, ತಂಬಾಕಿನ ದಾರಿಯು ಕಾರಖಾನೆಯ ಬಾಗಿಲಿಗೆ. ೧೯೭೫ರ ತಂಬಾಕು ಮಂಡಲಿಯ ಕಾಯದೆಯು ಸಿಗರೇಟಿನ ವರ್ಜೀನಿಯಾ ತಂಬಾಕಿಗೆ ಮಾತ್ರ ಆಶ್ರಯವಾಯಿತು. ಬೀಡಿ ತಂಬಾಕಿನ ಒಕ್ಕಲಿಗನು ವ್ಯಾಪಾರಿಯ ಕೈಯಲ್ಲಿಯೇ ಉಳಿದನು. ದರವನ್ನು ವ್ಯಾಪಾರಿಯು ಹೇಳುವನು, ಬೆಳೆದವನು ಒಪ್ಪಿಕೊಳ್ಳುವನು.

ಈ ಒಪ್ಪಿಗೆಯು ೧೯೮೧ರಲ್ಲಿ ಮುರಿಯಿತು. ಅದರ ಹಿಂದಿನ ವರ್ಷವೇ ನರಗುಂದ-ನವಲಗುಂದಗಳಲ್ಲಿ ರೈತರು ಎದ್ದಿದ್ದರು. ೧೯೮೧ರ ಮಾರ್ಚದಲ್ಲಿ ಶರದ ಜೋಶಿಯವರ ಶೇತಕರಿ ಸಂಘಟನೆಯ ನೇತೃತ್ವದಲ್ಲಿ, ಸ್ಥಳೀಯ ಮುಂದಾಳುಗಳಾದ ಪ್ರಾಧ್ಯಾಪಕ ಸುಭಾಷ ಜೋಶಿಯವರೊಡನೆ, ನಿಪ್ಪಾಣಿಯ ತಂಬಾಕಿನ ರೈತರು ನ್ಯಾಯವಾದ ದರಕ್ಕಾಗಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲೆ ಬಂದು ಕುಳಿತರು. ಹೆಂಗಸರು-ಮಕ್ಕಳು, ಬಂಡಿ-ಎತ್ತುಗಳು, ಅಡಿಗೆಯ ಒಲೆಗಳು ಎಲ್ಲವೂ ದಾರಿಯ ಮೇಲೆ. ಆ ನೆಲೆಗೆ ಆಂದೋಲನ ನಗರವೆಂದು ಹೆಸರಾಯಿತು. ಮೂರು ವಾರಗಳಿಗೂ ಮಿಕ್ಕಿ ಹೆದ್ದಾರಿಯು ನಿಂತಿತು. ಎಪ್ರಿಲ್ ೬ರಂದು ಪೋಲೀಸರು ಗುಂಡು ಹಾರಿಸಿದರು. ೧೨ ಜನ ರೈತರು ಪ್ರಾಣ ಕಳೆದುಕೊಂಡರು. ಕಾಯದೆಯು ಸಮ್ಮತಿಸಿದ ಬೆಳೆಯನ್ನು ಬೆಳೆದವರೂ ಗುಂಡಿಗೆ ಬಲಿಯಾದರೆಂಬುದು ಈ ಸೀಮೆಯ ಚರಿತ್ರೆಯಲ್ಲಿ ಅಳಿಸಲಾಗದ ಪುಟ. ಅದೇ ಕಾಲದಲ್ಲಿ ನಿಪ್ಪಾಣಿಯ ತಂಬಾಕಿನ ಕಾರಖಾನೆಗಳ ಹೆಣ್ಣಾಳುಗಳು, ಧೂಳಿನಲ್ಲಿ ದಿನವಿಡೀ ಸೊಪ್ಪನ್ನು ಜರಡಿ ಹಿಡಿದು ಅತ್ಯಲ್ಪ ಕೂಲಿ ಪಡೆಯುತ್ತಿದ್ದವರು, ಸಂಘ ಕಟ್ಟಿಕೊಂಡರು. ಅವರ ಹೋರಾಟವನ್ನು ಕುರಿತು ಯುಗಾಂತರವೆಂಬ ಮಹಿಳಾ ಬಳಗವು ೧೯೮೨ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ತೆಗೆಯಿತು.

ಈ ಎರಡು ಗಿಡಗಳ ನಂಟು ವಿಜ್ಞಾನದಲ್ಲಿಯೂ ಉಂಟು. ಗಿಡವು ಯಾವಾಗ ಹೂಬಿಡುವದೆಂಬುದನ್ನು ಹಗಲಿರುಳುಗಳ ಉದ್ದವು ಗೊತ್ತುಪಡಿಸುವದೆಂಬ ಸುಳಿವು ಮೊದಲು ಸಿಕ್ಕಿದುದು ಭಂಗಿಯ ಕುಲದ ಗಿಡದಲ್ಲಿ. ಫ್ರಾನ್ಸಿನ ಟೂರ್ನ್ವಾ ಎಂಬ ಶೋಧಕನು ೧೯೧೨ರ ಸುಮಾರಿಗೆ ಇದನ್ನು ಗಮನಿಸಿ, ಮೊದಲ ಮಹಾಯುದ್ಧದಲ್ಲಿ ಅಕಾಲಮರಣಕ್ಕೀಡಾದನು. ಅದನ್ನು ಸಿದ್ಧಾಂತವಾಗಿ ಸ್ಥಾಪಿಸಿದವರು ಅಮೇರಿಕೆಯ ಗಾರ್ನರ್ ಮತ್ತು ಅಲಾರ್ಡ್; ೧೯೨೦ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಮುಖ್ಯವಾದ ಗಿಡವು ತಂಬಾಕು. ಹೊಲದಲ್ಲಿ ಭಂಗಿಯು ಮಳೆಗಾಲವೆಲ್ಲ ಬೆಳೆದು, ಇರುಳು ಉದ್ದವಾಗುವ ಶರದೃತುವಿನಲ್ಲಿ ಹೂಬಿಡುವದು ಈ ನಿಯಮದಿಂದ. ಈ ಜ್ಞಾನವು ತಿಳಿದ ಮೇಲೆ ಸೂರ್ಯನ ಬದಲಿಗೆ ವಿದ್ಯುದ್ದೀಪವನ್ನು ಇಟ್ಟು ಕೋಣೆಯೊಳಗೇ ಋತುವನ್ನು ಸೃಷ್ಟಿಸುವದು ಸಾಧ್ಯವಾಯಿತು. ಪಶ್ಚಿಮ ದೇಶಗಳಲ್ಲಿ ಪೋಲೀಸರು ಹೊಲಗಳ ಮೇಲೆ ವಿಮಾನಗಳನ್ನು ಹಾರಿಸತೊಡಗಿದಾಗ ಗಾಂಜಾದ ಬೇಸಾಯವು ಮನೆಯ ಒಳಗೆ ಸೇರಿತು. ಅಲ್ಲಿಯೂ ಅದು ಅಡಗಲಿಲ್ಲ. ದೀಪದ ಶಾಖವು ಗೋಡೆಯನ್ನು ದಾಟಿ ಹೊರಬಿದ್ದಿತು. ಆರೆಗಾನ ಪ್ರಾಂತದ ಮನೆಯೊಂದರ ಶಾಖವನ್ನು ಯಂತ್ರದಿಂದ ಅಳೆದ ಪ್ರಕರಣದಲ್ಲಿ ಅಮೇರಿಕೆಯ ಶ್ರೇಷ್ಠ ನ್ಯಾಯಾಲಯವು ೨೦೦೧ರ ಜೂನದಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ, ವಾರಂಟಿಲ್ಲದೆ ಗೃಹಸ್ಥನ ಗೋಡೆಯೊಳಗನ್ನು ಹೀಗೆ ಇಣಿಕುವದು ಅನ್ಯಾಯದ ಶೋಧವೆಂದು ತೀರ್ಪು ಕೊಟ್ಟಿತು. ಗಿಡದ ಪ್ರಶ್ನೆಯು ಹೀಗೆ ಮನೆಯ ಪಾವಿತ್ರ್ಯದ ಪ್ರಶ್ನೆಯಾಯಿತು.

ಅಲ್ಲಿಂದೀಚೆಗೆ ಕೆಲವು ದೇಶಗಳು ಮನೆಯ ಬೇಸಾಯವನ್ನು ಎಣಿಸಿ ಒಪ್ಪಿಕೊಂಡಿವೆ. ಉರುಗ್ವೆಯು ೨೦೧೩ರ ಕಾಯದೆಯಿಂದ ಮನೆಗೆ ಆರು ಗಿಡಗಳನ್ನು, ಕೆನಡಾ ೨೦೧೮ರ ಅಕ್ಟೋಬರದಿಂದ ನಾಲ್ಕನ್ನು, ಜರ್ಮನಿಯು ೨೦೨೪ರ ಎಪ್ರಿಲ್‌ದಿಂದ ಪ್ರೌಢನೊಬ್ಬನಿಗೆ ಮೂರನ್ನು ಬಿಟ್ಟುಕೊಟ್ಟವು. ದಕ್ಷಿಣ ಆಫ್ರಿಕೆಯ ಸಂವಿಧಾನ ನ್ಯಾಯಾಲಯವು ೨೦೧೮ರಲ್ಲಿ ಏಕಾಂತದ ಹಕ್ಕಿನ ಆಧಾರದಿಂದ ಇದೇ ದಾರಿಯನ್ನು ಹಿಡಿಯಿತು. ೨೦೨೦ರ ಡಿಸೆಂಬರದಲ್ಲಿ ಸಂಯುಕ್ತ ರಾಷ್ಟ್ರಗಳ ಮಾದಕದ್ರವ್ಯ ಆಯೋಗವು ಗಾಂಜಾವನ್ನು ಅತ್ಯಂತ ಕಠಿನವಾದ ಪಟ್ಟಿಯಿಂದ ತೆಗ���ದಾಗ ಭಾರತವೂ ಅದರ ಪರವಾಗಿಯೇ ಮತ ಹಾಕಿತು. ಆದರೆ ಭಾರತದ ಒಳಗಣ ಕಾಯದೆಯು ಇದರಿಂದ ಬದಲಾಗಲಿಲ್ಲ. ೧೯೮೫ರ ಕಾಯದೆಯ ಎಂಟನೆಯ ಕಲಮು ಬೇಸಾಯವನ್ನು ನಿಷೇಧಿಸುವದು; ಇಪ್ಪತ್ತನೆಯ ಕಲಮು ಗಾಂಜಾ ಗಿಡವನ್ನು ಬೆಳೆದವನಿಗೆ ಹತ್ತು ವರ್ಷಗಳವರೆಗಿನ ಕಠಿನ ಸಜೆಯನ್ನೂ ಒಂದು ಲಕ್ಷ ರೂಪಾಯಿಯವರೆಗಿನ ದಂಡವನ್ನೂ ಹೇಳುವದು. ಹೊಲವೋ ಹಿತ್ತಲೋ, ಮಾಳಿಗೆಯ ಮೇಲಿನ ಕುಂಡವೋ ಎಂಬ ಭೇದವನ್ನು ಅದು ಮಾಡಿಲ್ಲ. ನಲವತ್ತಾರನೆಯ ಕಲಮಿನ ಪ್ರಕಾರ ತನ್ನ ಭೂಮಿಯಲ್ಲಿ ಅಂಥ ಬೆಳೆಯಿರುವದನ್ನು ತಿಳಿದೂ ಭೂಮಾಲಕನು ತಿಳಿಸದಿದ್ದರೆ ಅದೂ ಅಪರಾಧ. ಎಲೆಯು ಗಾಂಜಾ ಅಲ್ಲವೆಂಬ ವ್ಯಾಖ್ಯೆಯನ್ನು ನಂಬಿ ಗಿಡವನ್ನೇ ಬೆಳೆದವನಿಗೆ ಆ ವ್ಯಾಖ್ಯೆಯು ರಕ್ಷಣೆಯಾಗದು. ನಾರು ಮತ್ತು ಬೀಜಗಳಿಗಾಗಿ ಬೆಳೆಯಲು ಸರಕಾರವು ಅಪ್ಪಣೆ ಕೊಡಬಹುದೆಂದು ಹದಿನಾಲ್ಕನೆಯ ಕಲಮಿನಲ್ಲಿ ಅವಕಾಶವಿದೆ. ಉತ್ತರಾಖಂಡವು ಅದನ್ನು ಬಳಸಿಕೊಂಡಿದೆ.

ಕೃಷ್ಣೆಯ ನೀರಾವರಿಯಿಂದ ರಾಯಬಾಗ, ಅಥಣಿ, ಕಾಗವಾಡಗಳು ಕಬ್ಬಿನ ನಾಡಾದ ಮೇಲೆ ಗಾಂಜಾಕ್ಕೆ ಹೊಸದೊಂದು ಅಡಗುತಾಣವು ದೊರೆಯಿತು. ಆಳೆತ್ತರದ ಕಬ್ಬಿನ ನಡುವೆ ಗಿಡಗಳನ್ನು ಬೆಳೆದು ಸಿಕ್ಕಿಬಿದ್ದವರ ಸುದ್ದಿಯು ಉತ್ತರ ಕರ್ನಾಟಕದ ವೃತ್ತಪತ್ರಗಳಲ್ಲಿ ಆಗಾಗ ಬರುವದು. ಸಿಕ್ಕಿಬೀಳುವವನು ಸಾಮಾನ್ಯವಾಗಿ ಬೀಜ ಕೊಟ್ಟವನಲ್ಲ, ಬೆಳೆಯನ್ನು ಕೊಳ್ಳಬೇಕಾದವನೂ ಅಲ್ಲ. ಉತಾರೆಯಲ್ಲಿ ಹೆಸರಿರುವ ಒಕ್ಕಲಿಗನು. ಜಾಮೀನಿಗಾಗಿ ಹೊಲವನ್ನು ಒತ್ತೆಯಿಡುವದು, ವರ್ಷಗಟ್ಟಲೆ ಕೋರ್ಟಿನ ಅಲೆದಾಟ, ಮಕ್ಕಳ ಓದು ನಿಲ್ಲುವದು: ಇವುಗಳ ಮುಂದೆ ಆ ಗಿಡವು ಕೊಟ್ಟೀತೆಂದು ಆಶಿಸಿದ ಹಣವು ತೃಣಪ್ರಾಯ. ಸುಶಿಕ್ಷಿತ ಕುಟುಂಬಗಳಲ್ಲಿಯೂ, ಪರದೇಶದಲ್ಲಿ ಒಪ್ಪಿಗೆಯಿದೆಯೆಂಬುದನ್ನು ಕೇಳಿ ಇಲ್ಲಿಯೂ ಒಂದು ಕುಂಡದಿಂದ ಏನಾದೀತೆಂದು ಬಗೆಯುವ ತರುಣರಿರಬಹುದು. ಅವರಿಗೆ ಕಾಯದೆಯ ಅಕ್ಷರವನ್ನು ಮೊದಲೇ ತಿಳಿಸುವದು ಹಿರಿಯರ ಕರ್ತವ್ಯ.

ಕಾಯದೆಯು ಹಾಗಿದೆಯೆಂದ ಮಾತ್ರಕ್ಕೆ ಅದರ ಹಿಂದಿನ ತರ್ಕವು ನಿಷ್ಕಳಂಕವೆಂದು ಹೇಳಬೇಕಾಗಿಲ್ಲ. ತಂಬಾಕಿನಿಂದ ಪ್ರಪಂಚದಲ್ಲಿ ವರ್ಷಕ್ಕೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರು ಸಾಯುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸಿದೆ. ಆ ಸೊಪ್ಪಿನ ಹೊಲವು ನ್ಯಾಯಸಮ್ಮತ. ಭಂಗಿಯು ನಿರಪಾಯವೆಂದು ಇದರಿಂದ ಸಿದ್ಧವಾಗದು; ಎಳೆಯ ವಯಸ್ಸಿನವರ ಮನಸ್ಸಿಗೆ ಅದು ಮಾಡುವ ಕೇಡನ್ನು ಇಂದಿನ ವೈದ್ಯರು ೧೮೯೪ರ ಮಂಡಲಕ್ಕಿಂತ ಹೆಚ್ಚು ಬಲ್ಲರು. ಇಷ್ಟು ಮಾತ್ರ ಸಿದ್ಧವಾಗುವದು: ಒಂದು ಗಿಡವು ಹೊಲದಲ್ಲಿ ಉಳಿಯುವದೂ ಹೊರಗೆ ಹೋಗುವದೂ ಅದರ ವಿಷದ ಪ್ರಮಾಣವೊಂದರಿಂದಲೇ ತೀರ್ಮಾನವಾಗಿಲ್ಲ. ಯಾವದಕ್ಕೆ ಸುಂಕ ಹಾಕಬಹುದು, ಯಾವದನ್ನು ಕಾಯಬಹುದು, ಯಾವದರ ಹಿಂದೆ ವಖಾರಿಯೂ ಕೂಲಿಯ ಕೈಗಳೂ ನಿಂತಿವೆ ಎಂಬವೂ ತೂಗಿವೆ. ಭಂಗಿಯ ಬೆಳೆಗಾರನು ಚದರಿದವನಾಗಿದ್ದನು. ಅವನ ಪರವಾಗಿ ಹೆದ್ದಾರಿಯಲ್ಲಿ ಕೂಡುವವರು ಯಾರೂ ಇರಲಿಲ್ಲ. ತಂಬಾಕಿನ ಬೆಳೆಗಾರರು ಸಾವಿರಗಟ್ಟಲೆ ಕೂಡಿದರು. ಆದರೂ ನ್ಯಾಯವಾದ ದರವನ್ನು ಕೇಳಿದುದಕ್ಕಾಗಿ ಹನ್ನೆರಡು ಹೆಣಗಳನ್ನು ಹೊತ್ತರು. ಎರಡು ಗಿಡಗಳ ಇತಿಹಾಸದಲ್ಲಿಯೂ ಲೆಕ್ಕಕ್ಕೆ ಕೊನೆಯಲ್ಲಿ ಬಂದವನು ಒಕ್ಕಲಿಗನೇ. ಮುಂದೆ ಈ ಕಾಯದೆಗಳನ್ನು ತಿದ್ದುವವರು, ತಿದ್ದಬೇಕೆನ್ನುವವರು, ಬೇಡವೆನ್ನುವವರು ಎಲ್ಲರೂ ಅವನನ್ನು ಮೊದಲು ಕೇಳಿಕೊಳ್ಳುವದು ಯೋಗ್ಯ.